ದೂರದಲ್ಲಿ ಕೂತ ಪ್ರೋಟೀನ್ ಜೀನನ್ನು ಆನ್ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಲ್ಯಾಕ್ ಒಪೆರಾನ್ (ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಸಕ್ಕರೆ ಅರಗಿಸುವ ಜೀನ್‌ಗಳ ಗುಂಪು) ಮುಗಿಸಿದ ಮೇಲೆ, ಯೀಸ್ಟ್‌ನಂಥ ಜೀವಿಗಳಲ್ಲಿ ಆಕ್ಟಿವೇಟರ್ ಎಂಬ ಪ್ರೋಟೀನ್ ಡಿಎನ್‌ಎಗೆ ಅಂಟಿಕೊಂಡು ಜೀನ್ ಆನ್ ಮಾಡುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಅದು ಅಂಟೂದು ಒಂದು ಕಡೆ, ಜೀನ್ ಚಾಲೂ ಆಗೂದು ಇನ್ನೊಂದು ಕಡೆ. ನಡುವ ಏನ್ ಆಗ್ತೈತ್ರಿ?" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಡಿಗ್ರಿ ಪುಸ್ತಕ ತೆಗೆದು ನೋಡಿದರೆ ಕೋಆಕ್ಟಿವೇಟರ್, ಮೀಡಿಯೇಟರ್, ಸಾಗಾ ಅಂತೆಲ್ಲ ಇದೆ. ಗೊಂದಲ ಇನ್ನೂ ಜಾಸ್ತಿ ಆಯಿತು. ಕೋಆಕ್ಟಿವೇಟರ್ ಅಂದರೆ ಎರಡನೇ ಆಕ್ಟಿವೇಟರಾ? ಒಂದು ಜೀನಿಗೆ ಇಷ್ಟೆಲ್ಲ ಯಾಕೆ ಬೇಕು? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಮೇಡಂ, ನಿಮ್ಮ ಹುಡುಗಿ ಕೇಳಿದ ಪ್ರಶ್ನೆಯ ಹಿಂದೆ ದೊಡ್ಡ ದೊಡ್ಡ ಪ್ರಯೋಗಾಲಯಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಿದ್ದಿದ್ದವು. ತರಗತಿಯಲ್ಲಿ ತಕ್ಷಣ ಉತ್ತರ ಬರಲಿಲ್ಲ ಅಂತ ಬೇಜಾರು ಬೇಡ. ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಕ್ಟಿವೇಟರ್ ಜೀನಿಗೆ ತಾನಾಗಿ ಏನೂ ಮಾಡುವುದಿಲ್ಲ. ಕೆಲಸ ಮಾಡುವ ಪ್ರೋಟೀನ್ ಗುಂಪುಗಳನ್ನು ಆ ಜಾಗಕ್ಕೆ ಕರೆತರುತ್ತದೆ, ಅಷ್ಟೇ. ಆ ಗುಂಪುಗಳೇ ಕೋಆಕ್ಟಿವೇಟರ್‌ಗಳು. ಅವು ತಾವಾಗಿ ಹೋಗಿ ಡಿಎನ್‌ಎಯ ಅಕ್ಷರ ಓದಿ ಜಾಗ ಹುಡುಕಿಕೊಳ್ಳುವುದಿಲ್ಲ. ಆಕ್ಟಿವೇಟರ್ ಎಲ್ಲಿ ಕೂತಿದೆಯೋ ಅಲ್ಲಿಗೆ ಬರುತ್ತವೆ. ಹಾಗಾಗಿ ಅವು ಎರಡನೇ ಆಕ್ಟಿವೇಟರ್ ಅಲ್ಲ.

ಮಕ್ಕಳಿಗೆ ಹೇಳಲು ನಮ್ಮ ಕಡೆಯ ಒಂದೇ ಹೋಲಿಕೆ ಸಾಕು. ನಾಟಿ ಹೊತ್ತಿನಲ್ಲಿ ಗಂಗಾವತಿ, ಸಿಂಧನೂರು ಕಡೆ ಗದ್ದೆಗೆ ಆಳುಗಳನ್ನು ಕರೆದುಕೊಂಡು ಬರುವ ಮೇಸ್ತ್ರಿ ಇರುತ್ತಾನಲ್ಲ, ಅವನನ್ನು ನೆನೆಸಿಕೊಳ್ಳಿ. ಅವನು ಒಂದು ಸಸಿಯನ್ನೂ ಹಚ್ಚುವುದಿಲ್ಲ. ಯಾವ ಗದ್ದೆಗೆ ಹೋಗಬೇಕು ಅಂತ ಗೊತ್ತು, ಆಳುಗಳ ಪರಿಚಯ ಇದೆ. ಅವನ ಬಂಡವಾಳ ಈ ಎರಡೇ. ಆಕ್ಟಿವೇಟರ್‌ನ ಬಂಡವಾಳವೂ ಇಷ್ಟೇ ಎಂದು ನಾನು ಸುಮ್ನೆ ಹೇಳುತ್ತಿಲ್ಲ. ಅದಕ್ಕೆ ತುಂಬ ಚೆನ್ನಾದ ಪುರಾವೆಗಳಿವೆ. ನನ್ನ ಪ್ರಕಾರ ಈ ಪಾಠದ ರುಚಿ ಇರುವುದೇ ಆ ಪುರಾವೆಗಳಲ್ಲಿ. ಸಾಗಾದಲ್ಲಿ ಎಷ್ಟು ಪ್ರೋಟೀನ್, ಮೀಡಿಯೇಟರ್‌ನಲ್ಲಿ ಎಷ್ಟು ಅಂತ ಬಾಯಿಪಾಠ ಮಾಡಿಸುವುದರಲ್ಲಿ ಅಲ್ಲ.

ನಿಮ್ಮ ಮಕ್ಕಳಿಗೆ ಗೊತ್ತಿರುವ ಲ್ಯಾಕ್ ಒಪೆರಾನ್‌ನಿಂದ ಶುರು ಮಾಡೋಣ. ಅಲ್ಲಿ ರೆಪ್ರೆಸರ್ ಎಂಬ ತಡೆಯುವ ಪ್ರೋಟೀನ್ ಅಡ್ಡ ಕೂತಿರುತ್ತದೆ, ಲ್ಯಾಕ್ಟೋಸ್ ಬಂದಾಗ ಬಿಟ್ಟು ಹೋಗುತ್ತದೆ. ಪಿಯು ಮಟ್ಟದಲ್ಲಿ ಕತೆ ಹೆಚ್ಚುಕಡಿಮೆ ಇಲ್ಲಿಗೇ ನಿಲ್ಲುತ್ತದೆ. ನಿಜದಲ್ಲಿ ಅಡ್ಡಿ ಹೋದರೆ ಸಾಲದು. ಕ್ಯಾಪ್ ಎಂಬ ಇನ್ನೊಂದು ಪ್ರೋಟೀನ್ ಪಕ್ಕದಲ್ಲಿ ಕೂತು, ಜೀನ್ ಓದಿ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸನ್ನು ಹಿಡಿದುಕೊಂಡಾಗಲೇ ಜೀನ್ ಜೋರಾಗಿ ನಡೆಯುತ್ತದೆ. ಅಂದರೆ ಬ್ಯಾಕ್ಟೀರಿಯಾದಲ್ಲೂ ಕರೆತರುವ ಕೆಲಸ ಇದೆ. ಆದರೆ ಅಲ್ಲಿ ಆಕ್ಟಿವೇಟರ್ ನೇರವಾಗಿ ಪಾಲಿಮರೇಸನ್ನೇ ಮುಟ್ಟುತ್ತದೆ, ನಡುವೆ ಬೇರೆ ಯಾರೂ ಇಲ್ಲ.

ಯೀಸ್ಟ್‌ನಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಅದರ ಡಿಎನ್‌ಎ ಬರಿದಾಗಿ ಬಿದ್ದಿರುವುದಿಲ್ಲ. ಸುಮಾರು 147 ಅಕ್ಷರದಷ್ಟು ಉದ್ದ ಹಿಸ್ಟೋನ್ ಪ್ರೋಟೀನುಗಳ ಸುತ್ತ ಸುತ್ತಿಕೊಂಡು ಒಂದು ನ್ಯೂಕ್ಲಿಯೋಸೋಮ್ ಆಗುತ್ತದೆ. ಸ್ವಲ್ಪ ಜಾಗ ಬಿಟ್ಟು ಮತ್ತೊಂದು, ಹೀಗೆ ಸಾಲಾಗಿ. ಜೀನ್ ಶುರುವಾಗುವ ಜಾಗ ಇದರೊಳಗೆ ಸಿಕ್ಕಿಕೊಂಡಿದ್ದರೆ ಅಲ್ಲಿಗೆ ಬೇರೆ ಪ್ರೋಟೀನ್ ಕೂರುವುದು ಕಷ್ಟ. ಎರಡನೆಯದು, ಜೀನ್ ಓದುವ ಆರ್‌ಎನ್‌ಎ ಪಾಲಿಮರೇಸ್ ಟೂ 12 ಪ್ರೋಟೀನುಗಳ ದೊಡ್ಡ ಯಂತ್ರವಾದರೂ ಎಲ್ಲಿಂದ ಶುರು ಮಾಡಬೇಕು ಎಂದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಟಿಬಿಪಿ ಎಂಬ ಪ್ರೋಟೀನ್ ಮೊದಲು ಪ್ರೊಮೋಟರ್‌ನಲ್ಲಿ, ಅಂದರೆ ಜೀನ್ ಶುರುವಾಗುವ ಜಾಗದ ಪಕ್ಕ ಟಾಟಾ ಬಾಕ್ಸ್ ಎಂಬ ಅಕ್ಷರಗಳಿರುವ ಕಡೆ, ಕೂರಬೇಕು. ಆಮೇಲೆ ಟಿಎಫ್ ಟೂ ಬಿ, ಟಿಎಫ್ ಟೂ ಎಚ್ ಮುಂತಾದವು ಸೇರಬೇಕು. ಅವುಗಳ ಪಟ್ಟಿ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಇವೆಲ್ಲ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ತಾವಾಗಿ ಸೇರುವುದು ಅಪರೂಪ. ಅದನ್ನು ಆಗಿಸಲೆಂದೇ ಆಕ್ಟಿವೇಟರ್ ಬೇಕು.

ಈಗ ಉದಾಹರಣೆ. ಬೇಕರಿ ಯೀಸ್ಟ್‌ಗೆ ಗ್ಲೂಕೋಸ್ ಅಂದರೆ ಪ್ರಾಣ. ಗ್ಲೂಕೋಸ್ ಇರುವ ತನಕ ಬೇರೆ ಸಕ್ಕರೆಯತ್ತ ತಿರುಗಿಯೂ ನೋಡುವುದಿಲ್ಲ. ಗ್ಲೂಕೋಸ್ ಇಲ್ಲದೆ ಗ್ಯಾಲಕ್ಟೋಸ್ ಮಾತ್ರ ಸಿಕ್ಕರೆ ಅದನ್ನು ಅರಗಿಸುವ ಜೀನ್‌ಗಳನ್ನು ಆನ್ ಮಾಡುತ್ತದೆ. ಗ್ಯಾಲ್1, ಗ್ಯಾಲ್10, ಗ್ಯಾಲ್7, ಗ್ಯಾಲ್2 ಅಂತ ಅವುಗಳ ಹೆಸರು. ಇದರಲ್ಲಿ ಗ್ಯಾಲ್1 ಜೀನಿನ ಕೆಲಸ ಸುಮಾರು ಸಾವಿರ ಪಟ್ಟು ಏರುತ್ತದೆ. ಆಫ್ ಅಂದರೆ ಪೂರ್ತಿ ಆಫ್, ಆನ್ ಅಂದರೆ ಭರ್ಜರಿ ಆನ್. ಅದಕ್ಕೇ ಈ ಜೀನ್ ಎಲ್ಲರ ಅಚ್ಚುಮೆಚ್ಚು.

ಇವುಗಳ ಆಕ್ಟಿವೇಟರ್ ಹೆಸರು ಗ್ಯಾಲ್4. ಇದರಲ್ಲಿ 881 ಅಮೈನೋ ಆಮ್ಲಗಳಿವೆ. ಎರಡು ಗ್ಯಾಲ್4 ಜೋಡಿಯಾಗಿ ಡಿಎನ್‌ಎಯ 17 ಅಕ್ಷರಗಳ ಒಂದು ಜಾಗವನ್ನು ಹಿಡಿಯುತ್ತವೆ. ಆ ಜಾಗದ ಒಂದು ತುದಿಯಲ್ಲಿ ಸಿ-ಜಿ-ಜಿ, ಇನ್ನೊಂದು ತುದಿಯಲ್ಲಿ ಸಿ-ಸಿ-ಜಿ ಇರಬೇಕು. ನಡುವಿನ 11 ಅಕ್ಷರ ಏನಿದ್ದರೂ ಹೆಚ್ಚುಕಡಿಮೆ ನಡೆಯುತ್ತದೆ. ಗ್ಯಾಲ್1 ಮತ್ತು ಗ್ಯಾಲ್10 ಬೆನ್ನಿಗೆ ಬೆನ್ನು ಕೊಟ್ಟು ಎರಡು ದಿಕ್ಕಿಗೆ ಓಡುವ ಜೀನ್‌ಗಳು. ಅವುಗಳ ನಡುವೆ ಇಂಥ ನಾಲ್ಕು ಜಾಗಗಳಿವೆ. ಈ ಜಾಗಗಳಿಂದ ಗ್ಯಾಲ್1 ಶುರುವಾಗುವ ಕಡೆಗೆ ಕೆಲವು ನೂರು ಅಕ್ಷರಗಳ ದೂರ. ನಿಮ್ಮ ಹುಡುಗಿ ಕೇಳಿದ್ದು ಇದೇ ದೂರದ ಬಗ್ಗೆ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ಗ್ಯಾಲಕ್ಟೋಸೂ ಇಲ್ಲದ, ಗ್ಲೂಕೋಸೂ ಇಲ್ಲದ ಹೊತ್ತಿನಲ್ಲೂ ಗ್ಯಾಲ್4 ತನ್ನ ಜಾಗದಲ್ಲಿ ಕೂತೇ ಇರುತ್ತದೆ. ಆದರೂ ಜೀನ್ ಆಫ್. ಯಾಕೆಂದರೆ ಗ್ಯಾಲ್80 ಎಂಬ ಪ್ರೋಟೀನ್ ಗ್ಯಾಲ್4ರ ಬಾಲದ ತುದಿಯನ್ನು ಮುಚ್ಚಿಕೊಂಡು ಕೂತಿರುತ್ತದೆ. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಅದನ್ನೂ ಎಟಿಪಿಯನ್ನೂ ಹಿಡಿದುಕೊಂಡು ಹೋಗಿ ಗ್ಯಾಲ್80ನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಬಾಲ ಬಿಡುವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಆರ್‌ಎನ್‌ಎ ಬರಲು ಶುರು. ಇದರಿಂದ ಗೊತ್ತಾಗುವುದು ಏನು? ಡಿಎನ್‌ಎ ಮೇಲೆ ಕೂರುವುದು ಬೇರೆ, ಜೀನ್ ಆನ್ ಮಾಡುವುದು ಬೇರೆ. ಆನ್ ಮಾಡುವ ಗುಟ್ಟು ಆ ಬಾಲದಲ್ಲಿದೆ.

ಇದನ್ನು ಕತ್ತರಿಸಿ ತೋರಿಸಿದವರು ಅಮೆರಿಕದ ಹಾರ್ವರ್ಡ್‌ನ ಮಾರ್ಕ್ ಟಾಶ್ನೆ ಮತ್ತು ಅವರ ಜೊತೆಯವರು. 1985ರಲ್ಲಿ ರೋಜರ್ ಬ್ರೆಂಟ್ ಮತ್ತು ಟಾಶ್ನೆ ಗ್ಯಾಲ್4ರ ಡಿಎನ್‌ಎ ಹಿಡಿಯುವ ತಲೆಯನ್ನು ತೆಗೆದರು. ಅಲ್ಲಿ ಲೆಕ್ಸ್‌ಎ ಎಂಬ ಬ್ಯಾಕ್ಟೀರಿಯಾ ಪ್ರೋಟೀನಿನ ಡಿಎನ್‌ಎ ಹಿಡಿಯುವ ಭಾಗವನ್ನು ಕೂಡಿಸಿದರು. ಆಮೇಲೆ ಯೀಸ್ಟ್‌ನ ಒಂದು ಜೀನಿನ ಮುಂದೆ ಲೆಕ್ಸ್‌ಎ ಕೂರುವ ಅಕ್ಷರಗಳನ್ನು ಇಟ್ಟರು. ಜೀನ್ ಆನ್ ಆಯಿತು. ಲೆಕ್ಸ್‌ಎ ಬ್ಯಾಕ್ಟೀರಿಯಾದಲ್ಲಿ ಜೀನ್‌ಗಳನ್ನು ಆಫ್ ಮಾಡುವ ಪ್ರೋಟೀನ್ ಅನ್ನುವುದನ್ನು ಮರೆಯಬೇಡಿ. ಅಂದರೆ ತಲೆ ಯಾರದ್ದಾದರೂ ಆಗಬಹುದು, ಜಾಗ ತಿಳಿದರೆ ಸಾಕು. ಉಳಿದದ್ದನ್ನು ಬಾಲ ನೋಡಿಕೊಳ್ಳುತ್ತದೆ.

ಹಾಗಾದರೆ ಆ ಬಾಲ ಎಂಥದ್ದು? ತುಂಬ ನಾಜೂಕಾದ, ಕೋಟ್ಯಂತರ ವರ್ಷ ತಿದ್ದಿ ತೀಡಿದ ಆಕಾರ ಇರಬೇಕು ಅಂತ ಅನಿಸುತ್ತದೆ, ಅಲ್ವಾ? 1987ರಲ್ಲಿ ಜುನ್ ಮಾ ಮತ್ತು ಟಾಶ್ನೆ ಇದನ್ನೇ ಪರೀಕ್ಷಿಸಿದರು. ಇ. ಕೊಲೈ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಚೂರು ಚೂರು ಮಾಡಿ, ಸಿಕ್ಕ ಸಿಕ್ಕ ಚೂರನ್ನು ಗ್ಯಾಲ್4ರ ತಲೆಗೆ ಜೋಡಿಸಿದರು. ಸುಮಾರು ನೂರಕ್ಕೆ ಒಂದು ಚೂರು ಯೀಸ್ಟ್‌ನಲ್ಲಿ ಆಕ್ಟಿವೇಟರ್ ಆಗಿ ಕೆಲಸ ಮಾಡಿತು! ಬ್ಯಾಕ್ಟೀರಿಯಾದಲ್ಲಿ ಆ ಚೂರುಗಳಿಗೆ ಇಂಥ ಕೆಲಸವೇ ಇಲ್ಲ. ಕೆಲಸ ಮಾಡಿದ ಚೂರುಗಳಲ್ಲಿ ಆಮ್ಲೀಯ ಗುಣದ ಅಮೈನೋ ಆಮ್ಲಗಳು ಜಾಸ್ತಿ ಇದ್ದವು. ಎಂ.ಎಸ್ಸಿ. ಹುಡುಗರಿಗೆ ಇಲ್ಲಿ ಬಳ್ಳಾರಿಯಲ್ಲಿ ಇದನ್ನು ಹೇಳಿದಾಗ ಮೊದಲು ಯಾರೂ ನಂಬುವುದಿಲ್ಲ. ಒಂದು ಎನ್‌ಜೈಮನ್ನು ಹೀಗೆ ಸಿಕ್ಕ ಸಿಕ್ಕ ಚೂರಿನಿಂದ ಮಾಡಲು ಸಾಧ್ಯವೇ ಇಲ್ಲ. ಹಾಗಾಗಿ ಬಾಲ ಎನ್‌ಜೈಮ್ ಅಲ್ಲ. ಅದು ಅಂಟುವ ತುಂಡು ಮಾತ್ರ.

ಯಾವುದಕ್ಕೆ ಅಂಟುತ್ತದೆ? ಇದರ ಸುಳಿವು ಒಂದು ವಿಚಿತ್ರ ಕಡೆಯಿಂದ ಬಂತು. 1988ರಲ್ಲಿ ಗ್ರೇಸ್ ಗಿಲ್ ಮತ್ತು ಟಾಶ್ನೆ ಕಂಡುಕೊಂಡದ್ದು ಇದು: ಜೋರಾದ ಆಕ್ಟಿವೇಟರನ್ನು ಜೀವಕೋಶದಲ್ಲಿ ವಿಪರೀತ ತಯಾರಿಸಿದರೆ, ಅದಕ್ಕೆ ಸಂಬಂಧವೇ ಇಲ್ಲದ ಬೇರೆ ಜೀನ್‌ಗಳು ಕುಗ್ಗುತ್ತವೆ. ಅಂದರೆ ಎಲ್ಲ ಆಕ್ಟಿವೇಟರ್‌ಗಳೂ ಕೈಹಾಕುವ, ಆದರೆ ಮಿತವಾಗಿರುವ ಏನೋ ಒಂದು ಜೀವಕೋಶದಲ್ಲಿದೆ. ತುಂಬ ಜನ ಮೇಸ್ತ್ರಿಗಳು ಬಂದು ಇದ್ದಬದ್ದ ಆಳುಗಳನ್ನೆಲ್ಲ ದಾರಿಯಲ್ಲೇ ಹಿಡಿದು ನಿಲ್ಲಿಸಿದ ಹಾಗೆ. 1992ರಲ್ಲಿ ಲಿಯೊನಾರ್ಡ್ ಗ್ವಾರೆಂಟೆ ಅವರ ಗುಂಪು ಇದನ್ನೇ ಬಲೆಯಾಗಿ ಬಳಸಿತು. ಹರ್ಪಿಸ್ ವೈರಸ್ಸಿನ ವಿಪಿ16 ಎಂಬ ಬಲವಾದ ಬಾಲವನ್ನು ಗ್ಯಾಲ್4ರ ತಲೆಗೆ ಜೋಡಿಸಿ ಯೀಸ್ಟ್‌ನಲ್ಲಿ ಜಾಸ್ತಿ ತಯಾರಿಸಿದರೆ ಯೀಸ್ಟ್ ಬೆಳೆಯುವುದೇ ಕಷ್ಟ. ಅಂಥದರಲ್ಲೂ ಬೆಳೆದ, ಜೀನ್ ಬದಲಾದ ಮ್ಯುಟೆಂಟ್‌ಗಳನ್ನು ಹೆಕ್ಕಿದರು. ಅವುಗಳಲ್ಲಿ ಕೆಟ್ಟಿದ್ದ ಜೀನ್‌ಗಳೇ ಅಡಾ ಜೀನ್‌ಗಳು. ಆ ಬಾಲ ಹೋಗಿ ಹಿಡಿಯುತ್ತಿದ್ದ ಗುಂಪಿಗೆ ಸೇರಿದ ಪ್ರೋಟೀನುಗಳು ಅವು. ಆ ಗುಂಪೇ ಸಾಗಾ (SAGA), ಅದರ ಹೆಸರಿನ ಮೊದಲ 'ಎ' ಇದೇ ಅಡಾ.

ಸಾಗಾಗೆ ಇನ್ನೊಂದು ದಾರಿ ಕೆರೆನೀರಿನಲ್ಲಿರುವ ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯಿಂದ ಬಂತು. 1996ರಲ್ಲಿ ಡೇವಿಡ್ ಆಲಿಸ್ ಅವರ ಗುಂಪು ಅದರಿಂದ ಹಿಸ್ಟೋನ್‌ಗೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ತುಣುಕು ಹಚ್ಚುವ ಎನ್‌ಜೈಮನ್ನು ಬೇರ್ಪಡಿಸಿತು. ನೋಡಿದರೆ ಅದು ಯೀಸ್ಟ್‌ನ ಜಿಸಿಎನ್5 ಎಂಬ ಪ್ರೋಟೀನಿನ ನೆಂಟ. ಜೀನ್ ಆನ್ ಆಗಲು ಜಿಸಿಎನ್5 ಬೇಕು ಎಂದು ಯೀಸ್ಟ್‌ನವರಿಗೆ ಆಗಲೇ ಗೊತ್ತಿತ್ತು. ಅದು ಏನು ಮಾಡುತ್ತದೆ ಎಂದು ಗೊತ್ತಿರಲಿಲ್ಲ. ಹಿಸ್ಟೋನ್‌ನ ಬಾಲಕ್ಕೆ ಅಸಿಟೈಲ್ ಬಿದ್ದರೆ ಡಿಎನ್‌ಎ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ, ಅಸಿಟೈಲ್ ಗುರುತಿಸುವ ಬೇರೆ ಪ್ರೋಟೀನುಗಳೂ ಬರುತ್ತವೆ. ಜಿಸಿಎನ್5 ಇರುವುದೂ ಸಾಗಾದಲ್ಲೇ. ಹೀಗೆ ಎರಡು ಬೇರೆ ಬೇರೆ ಊರಿನ ಕತೆಗಳು ಒಂದಾದವು.

ಇಂದು ನಮಗೆ ಗೊತ್ತಿರುವ ಸಾಗಾ ಸುಮಾರು 19 ಪ್ರೋಟೀನುಗಳ ಗುಂಪು. ಅದರಲ್ಲಿ ಟ್ರಾ1 ಎಂಬುದು ಬಲು ದೊಡ್ಡದು, 3,700ಕ್ಕೂ ಜಾಸ್ತಿ ಅಮೈನೋ ಆಮ್ಲ. ಗ್ಯಾಲ್4ರ ಬಾಲ ಮುಟ್ಟುವುದು ಇದನ್ನೇ. 2004ರಲ್ಲಿ ಸುಕೇಶ್ ಭೌಮಿಕ್ ಮತ್ತು ಮೈಕೆಲ್ ಗ್ರೀನ್ ಮುಂತಾದವರು ಬದುಕಿರುವ ಯೀಸ್ಟ್‌ನಲ್ಲೇ ಬೆಳಕಿನ ಪ್ರಯೋಗದಿಂದ ಇದನ್ನು ತೋರಿಸಿದರು. ಜಿಸಿಎನ್5 ಅಸಿಟೈಲ್ ಹಚ್ಚುತ್ತದೆ. ಎಸ್‌ಪಿಟಿ3 ಎಂಬ ಪ್ರೋಟೀನ್ ಟಿಬಿಪಿಯನ್ನು ಪ್ರೊಮೋಟರ್‌ಗೆ ತಲುಪಿಸಲು ನೆರವಾಗುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಸಾಗಾ ಅಂದ ಕೂಡಲೇ ಎಲ್ಲರೂ ಅಸಿಟೈಲ್ ಅನ್ನುತ್ತಾರೆ. ಆದರೆ ಗ್ಯಾಲ್1 ಜೀನ್ ಆನ್ ಆಗಲು ಜಿಸಿಎನ್5 ಅಷ್ಟೇನೂ ಬೇಕಾಗುವುದಿಲ್ಲ, ಎಸ್‌ಪಿಟಿ3 ಬೇಕು. 2001ರ ಪ್ರಯೋಗಗಳಲ್ಲೇ ಇದು ಸ್ಪಷ್ಟವಾಯಿತು. ಬೇರೆ ಜೀನ್‌ಗಳಲ್ಲಿ ಇದು ತಿರುವುಮುರುವು ಆಗಬಹುದು. ಒಂದೇ ಗುಂಪು ಬಂದರೂ ಎಲ್ಲ ಕಡೆ ಅದೇ ಕೆಲಸ ಮಾಡಬೇಕೆಂದಿಲ್ಲ. ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಿದ್ದಿರಲ್ಲ, ಅದಕ್ಕೆ ಒಂದು ಉತ್ತರ ಇದು. ಒಂದೊಂದು ಜೀನಿನ ಮುಂದೆ ಒಂದೊಂದು ಥರದ ಅಡ್ಡಿ ಇರುತ್ತದೆ.

ಇನ್ನೊಂದು ಗುಂಪು ಮೀಡಿಯೇಟರ್. ಯೀಸ್ಟ್‌ನಲ್ಲಿ ಇದು 25 ಪ್ರೋಟೀನುಗಳದ್ದು. ಇದನ್ನು ಎರಡು ಕಡೆಯಿಂದ ಹುಡುಕಿದರು. ರೋಜರ್ ಕಾರ್ನ್‌ಬರ್ಗ್ ಅವರ ಗುಂಪು ಪರೀಕ್ಷಾ ನಳಿಕೆಯಲ್ಲಿ ಪಾಲಿಮರೇಸ್ ಮತ್ತು ಅದರ ಸಹಾಯಕರನ್ನೆಲ್ಲ ಶುದ್ಧವಾಗಿ ಸೇರಿಸಿತು. ಆರ್‌ಎನ್‌ಎ ಬಂತು, ಆದರೆ ಆಕ್ಟಿವೇಟರ್ ಹಾಕಿದರೂ ಜಾಸ್ತಿಯಾಗಲಿಲ್ಲ. ಯೀಸ್ಟ್‌ನ ರಸದಲ್ಲಿರುವ ಇನ್ನೇನೋ ಸೇರಿಸಿದಾಗ ಮಾತ್ರ ಆಕ್ಟಿವೇಟರ್‌ಗೆ ಬೆಲೆ ಬಂತು. ಅದು 1990-91ರ ಸುದ್ದಿ. ಅದೇ ಕಾಲಕ್ಕೆ ರಿಚರ್ಡ್ ಯಂಗ್ ಅವರ ಗುಂಪು ಪಾಲಿಮರೇಸಿನ ಬಾಲವನ್ನು ಕತ್ತರಿಸಿ, ಆ ತೊಂದರೆಯನ್ನು ಸರಿಪಡಿಸುವ ಮ್ಯುಟೇಶನ್‌ಗಳನ್ನು ಹುಡುಕುತ್ತಿತ್ತು. 1994ರ ಹೊತ್ತಿಗೆ ಎರಡೂ ಒಂದೇ ಗುಂಪಿನತ್ತ ಬಂದವು. ಕಾರ್ನ್‌ಬರ್ಗ್ ಅವರಿಗೆ 2006ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಡಿಎನ್‌ಎಯಿಂದ ಆರ್‌ಎನ್‌ಎ ಆಗುವ ಬಗೆಯನ್ನು ಅಣುಗಳ ಮಟ್ಟದಲ್ಲಿ ತಿಳಿಸಿದ್ದಕ್ಕೆ.

ಮೀಡಿಯೇಟರ್‌ನ ಒಂದು ತುದಿಯನ್ನು ಆಕ್ಟಿವೇಟರ್ ಮುಟ್ಟುತ್ತದೆ, ಇನ್ನೊಂದು ತುದಿ ಪಾಲಿಮರೇಸನ್ನು ಹಿಡಿಯುತ್ತದೆ. ಹುಡುಗಿ ಕೇಳಿದ "ನಡುವ ಏನ್" ಅನ್ನುವುದಕ್ಕೆ ಅರ್ಧ ಉತ್ತರ ಇದು. ಇನ್ನರ್ಧ, ಡಿಎನ್‌ಎ ಬಾಗುತ್ತದೆ. ನಡುವಿನ ಭಾಗ ಬಾಗಿ ಎರಡು ಜಾಗಗಳೂ ಹತ್ತಿರ ಬರುತ್ತವೆ. ಯೀಸ್ಟ್‌ನಲ್ಲಿ ಇದಕ್ಕೆ ಮಿತಿ ಇದೆ. ಗ್ಯಾಲ್4 ಕೂರುವ ಜಾಗವನ್ನು ಜೀನಿನಿಂದ ತೀರ ದೂರ ಇಟ್ಟರೆ ಕೆಲಸ ಆಗುವುದಿಲ್ಲ. ಟಾಟಾ ಬಾಕ್ಸ್‌ನ ಆಚೆ, ಜೀನಿನ ಒಳಗೆ ಇಟ್ಟರೂ ಆಗುವುದಿಲ್ಲ. ಮನುಷ್ಯರಲ್ಲಿ ಹಾಗಲ್ಲ, ಅಲ್ಲಿ ಸಾವಿರಾರು ಅಕ್ಷರಗಳ ಆಚೆಯಿಂದಲೂ ನಡೆಯುತ್ತದೆ.

ಪಾಲಿಮರೇಸ್ ಬಂದು ಕೂತ ಮೇಲೆ ಅದು ಅಲ್ಲೇ ಕೂತರೆ ಉಪಯೋಗ ಇಲ್ಲ, ಹೊರಡಬೇಕು. ಅದರ ಬಾಲದಲ್ಲಿ ಏಳು ಅಮೈನೋ ಆಮ್ಲಗಳ ಒಂದು ತುಣುಕು ಯೀಸ್ಟ್‌ನಲ್ಲಿ ಸುಮಾರು 26 ಸಲ ಮರುಕಳಿಸುತ್ತದೆ, ಮನುಷ್ಯರಲ್ಲಿ 52 ಸಲ. ಟಿಎಫ್ ಟೂ ಎಚ್‌ನಲ್ಲಿರುವ ಎನ್‌ಜೈಮ್ ಈ ಬಾಲಕ್ಕೆ ಫಾಸ್ಫೇಟ್ ಹಚ್ಚಿದಾಗ ಪಾಲಿಮರೇಸ್ ಮೀಡಿಯೇಟರ್‌ನಿಂದ ಬಿಡಿಸಿಕೊಂಡು ಓಡುತ್ತದೆ. ಹಚ್ಚಲು ಪ್ರಚೋದನೆ ಕೊಡುವುದೂ ಮೀಡಿಯೇಟರೇ. 2014ರಲ್ಲಿ ಈ ಎನ್‌ಜೈಮನ್ನು ತಡೆದು ನೋಡಿದಾಗ ಮೀಡಿಯೇಟರ್ ಪ್ರೊಮೋಟರ್‌ನಲ್ಲೇ ಸಿಕ್ಕಿಕೊಂಡಿತು. ಸಾಮಾನ್ಯವಾಗಿ ಅದು ಅಲ್ಲಿ ಕ್ಷಣಮಾತ್ರ ಇರುತ್ತದೆ ಎಂದು ಹೀಗೆ ತಿಳಿಯಿತು.

ಮೂರನೆಯದು ಸ್ವಿಸ್ನಿಫ್. ಎಟಿಪಿ ಸುಟ್ಟು ನ್ಯೂಕ್ಲಿಯೋಸೋಮನ್ನು ಸರಿಸುವ ಅಥವಾ ಎತ್ತಿಹಾಕುವ ಗುಂಪು ಅದು. ಇದರ ಬಗ್ಗೆ ಇಷ್ಟು ಸಾಕು.

ಯಾರು ಮೊದಲು ಬರುತ್ತಾರೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಎಲ್ಲ ಜೀನಿಗೂ ಒಂದೇ ಕ್ರಮ ಇಲ್ಲ. ಗ್ಯಾಲ್1ರಲ್ಲಿ ಮೊದಲು ಸಾಗಾ, ಆಮೇಲೆ ಮೀಡಿಯೇಟರ್, ಆಮೇಲೆ ಟಿಬಿಪಿ, ಪಾಲಿಮರೇಸ್ ಎಂದು 2003ರಲ್ಲಿ ಜೀನ್ ಬ್ರಯಂಟ್ ಎಂಬ ವಿಜ್ಞಾನಿ ಮತ್ತು ಟಾಶ್ನೆ ತೋರಿಸಿದರು. ಸಾಗಾ ಹೋಗಿ ಮೀಡಿಯೇಟರನ್ನು ಕರೆಯುವುದಿಲ್ಲ, ಗ್ಯಾಲ್4 ಇಬ್ಬರನ್ನೂ ಬೇರೆ ಬೇರೆಯಾಗಿಯೇ ಕರೆಯುತ್ತದೆ. ಯೀಸ್ಟ್ ತನ್ನ ಲಿಂಗ ಬದಲಿಸಿಕೊಳ್ಳಲು ಬಳಸುವ ಎಚ್‌ಓ ಜೀನಿನಲ್ಲಿ ಬೇರೆ ರೀತಿ. ಅಲ್ಲಿ ಸ್ವಿ5 ಎಂಬ ಆಕ್ಟಿವೇಟರ್ ಮೊದಲು ಸ್ವಿಸ್ನಿಫನ್ನು ತರುತ್ತದೆ, ಆಮೇಲೆ ಸಾಗಾ. ಆ ಕೆಲಸ ಆಗುವ ಹೊತ್ತಿಗೆ ಸ್ವಿ5 ಹೊರಟೇ ಹೋಗಿರುತ್ತದೆ. ಇದು 1999ರಲ್ಲಿ ಗೊತ್ತಾದದ್ದು.

ಈಗ ಆ ಒಳ್ಳೆಯ ಪುರಾವೆಗೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆಕ್ಟಿವೇಟರ್ ಬರೀ ಕರೆತರುತ್ತದೆ ಎಂದು ಹೇಗೆ ನಂಬುವುದು? ಸಾಗಾವನ್ನೋ ಮೀಡಿಯೇಟರನ್ನೋ ಮುಟ್ಟಿ ಅವುಗಳೊಳಗೆ ಏನೋ ಬದಲಾವಣೆ ಮಾಡುತ್ತಿರಬಹುದಲ್ಲ? ಹಾಗಿದ್ದರೆ ಬಾಲ ಇಲ್ಲದೆ ಕೆಲಸ ನಡೆಯಬಾರದು. ಮೀಡಿಯೇಟರ್‌ನಲ್ಲಿ ಗ್ಯಾಲ್11 ಎಂಬ ಪ್ರೋಟೀನ್ ಇದೆ, ಈಗ ಅದನ್ನು ಮೆಡ್15 ಎನ್ನುತ್ತಾರೆ. ಇದರ 342ನೇ ಅಮೈನೋ ಆಮ್ಲ ಒಂದೇ ಒಂದು ಬದಲಾದ ಮ್ಯುಟೆಂಟ್ ಸಿಕ್ಕಿತು. ಆಸ್ಪರಜೀನ್ ಇದ್ದ ಕಡೆ ಐಸೊಲ್ಯೂಸೀನ್. ಈ ಯೀಸ್ಟ್‌ನಲ್ಲಿ ಬಾಲವೇ ಇಲ್ಲದ, ಸುಮಾರು ಮೊದಲ 100 ಅಮೈನೋ ಆಮ್ಲಗಳಷ್ಟೇ ಇರುವ ಗ್ಯಾಲ್4 ಚೂರು ಕೂಡ ಜೀನನ್ನು ಜೋರಾಗಿ ಆನ್ ಮಾಡಿತು. ಕಾರಣ, ಬದಲಾದ ಗ್ಯಾಲ್11 ಆಕಸ್ಮಿಕವಾಗಿ ಗ್ಯಾಲ್4 ಜೋಡಿಯಾಗುವ ಭಾಗಕ್ಕೇ ಅಂಟಿಕೊಳ್ಳುತ್ತಿತ್ತು. ಆ ಭಾಗಕ್ಕೆ ಜೀನ್ ಆನ್ ಮಾಡುವ ಕೆಲಸ ಎಂದೂ ಇರಲಿಲ್ಲ. ಸುಮ್ನೆ ಹೊಸದಾಗಿ ಅಂಟಿತು, ಜೀನ್ ನಡೆಯಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗ್ಯಾಲ್11ನ್ನೇ ಲೆಕ್ಸ್‌ಎ ತಲೆಗೆ ಕೂಡಿಸಿದರು. ಆಕ್ಟಿವೇಟರ್ ಬಾಲ ಎಲ್ಲೂ ಇಲ್ಲ. ಆದರೂ ಜೀನ್ ಆನ್. 1995ರಲ್ಲಿ ಬೇರೆ ಎರಡು ಗುಂಪುಗಳು ಟಿಬಿಪಿಯನ್ನೇ ಡಿಎನ್‌ಎ ಹಿಡಿಯುವ ತಲೆಗೆ ಜೋಡಿಸಿ ಇದನ್ನೇ ಕಂಡವು. ಮೇಸ್ತ್ರಿಯನ್ನು ಬಿಟ್ಟು ಆಳನ್ನು ನೇರವಾಗಿ ಗದ್ದೆಗೆ ಕಟ್ಟಿಹಾಕಿದರೂ ನಾಟಿ ನಡೆಯಿತು ಎಂದಾಯಿತು. ಟಾಶ್ನೆ ಮತ್ತು ಅಲೆಕ್ಸಾಂಡರ್ ಗ್ಯಾನ್ 1997ರಲ್ಲಿ ಈ ಎಲ್ಲವನ್ನೂ ಕೂಡಿಸಿ, ಜೀನ್ ಆನ್ ಆಗುವುದರ ತಿರುಳು ಕರೆತರುವುದೇ ಎಂದು ವಾದಿಸಿದರು. ಆಮೇಲೆ ಅದಕ್ಕೆ ಹಲವು ತಿದ್ದುಪಡಿ ಬಂದಿವೆ. ಮೀಡಿಯೇಟರ್ ಬಂದ ಮೇಲೂ ಅದು ಆಕಾರ ಬದಲಿಸುತ್ತದೆ. ಪಾಲಿಮರೇಸನ್ನು ಹೊರಡಿಸುತ್ತದೆ ಎಂದು ಮೇಲೆ ಹೇಳಿದೆನಲ್ಲ. ಆದರೆ ಮೂಲ ವಾದ ಅಲುಗಿಲ್ಲ ಎಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿದ ಮೇಲೆ ಜಾಣ ವಿದ್ಯಾರ್ಥಿ ಒಂದು ಕೊಕ್ಕೆ ಹಾಕಬಹುದು. ಬ್ಯಾಕ್ಟೀರಿಯಾದ ಸಿಕ್ಕ ಚೂರೂ ಬಾಲ ಆಗುತ್ತದೆ ಅಂದರೆ ಈ ಅಂಟು ಎಷ್ಟು ಸಡಿಲ! ಕಂಡಕಂಡದ್ದಕ್ಕೆಲ್ಲ ಅಂಟಿ ಎಲ್ಲ ಜೀನೂ ಆನ್ ಆಗಬೇಕಿತ್ತಲ್ಲ?

ಇದಕ್ಕೆ ಉತ್ತರ ಜಿಸಿಎನ್4 ಎಂಬ ಇನ್ನೊಂದು ಆಕ್ಟಿವೇಟರಿನಲ್ಲಿ ಚೆನ್ನಾಗಿ ಸಿಕ್ಕಿದೆ. ಮೇಲೆ ಬಂದ ಜಿಸಿಎನ್5 ಬೇರೆ, ಇದು ಬೇರೆ. ಯೀಸ್ಟ್‌ಗೆ ಅಮೈನೋ ಆಮ್ಲ ಕಡಿಮೆ ಬಿದ್ದಾಗ ಜಿಸಿಎನ್4 ತಯಾರಾಗಿ, ಅಮೈನೋ ಆಮ್ಲ ತಯಾರಿಸುವ ಜೀನ್‌ಗಳನ್ನು ಆನ್ ಮಾಡುತ್ತದೆ. ಸಿಯಾಟಲ್‌ನ ಸ್ಟೀವನ್ ಹಾನ್ ಅವರ ಗುಂಪು ಮತ್ತು ಜೊತೆಯವರು 2011ರಲ್ಲಿ ಇದರ ಬಾಲ ಮೆಡ್15ಕ್ಕೆ ಹೇಗೆ ಅಂಟುತ್ತದೆ ಎಂದು ನೋಡಿದರು. ಬಾಲಕ್ಕೆ ತನ್ನದೇ ಗಟ್ಟಿ ಆಕಾರ ಇಲ್ಲ. ಮೆಡ್15 ಸಿಕ್ಕಾಗ ಅದರ ಒಂದು ಚಿಕ್ಕ ಭಾಗ ಸುರುಳಿಯಾಗುತ್ತದೆ. ನೀರಿಗೆ ಹೇಸುವ ಟ್ರಿಪ್ಟೊಫಾನ್, ಲ್ಯೂಸೀನ್, ಫೆನೈಲ್‌ಅಲನೀನ್‌ಗಳು ಮೆಡ್15ರ ಮೇಲಿನ ಆಳವಿಲ್ಲದ ಒಂದು ತಗ್ಗಿಗೆ ಸೇರುತ್ತವೆ. ಒಂದೇ ಭಂಗಿಯಲ್ಲಿ ಅಲ್ಲ. ಈ ಕಡೆ ತಿರುಗಿ ಒಮ್ಮೆ, ಆ ಕಡೆ ತಿರುಗಿ ಒಮ್ಮೆ. ಹಿಡಿತ ಬಲು ದುರ್ಬಲ, ಅಂಟುತ್ತದೆ, ಬಿಡುತ್ತದೆ. ಸುತ್ತಲಿನ ಆಮ್ಲೀಯ ಅಮೈನೋ ಆಮ್ಲಗಳು ಆ ನೀರಿಗೆ ಹೇಸುವ ಭಾಗಗಳು ತಮ್ಮತಮ್ಮಲ್ಲೇ ಮುದ್ದೆಯಾಗದಂತೆ ಹೊರಗೆ ತೆರೆದಿಡುತ್ತವೆ. ಮೆಡ್15ರಲ್ಲಿ ಇಂಥ ಅಂಟುವ ಜಾಗಗಳು ಹಲವು, ಬಾಲದಲ್ಲೂ ಒಂದಕ್ಕಿಂತ ಜಾಸ್ತಿ. ಒಂದೊಂದೂ ಸಡಿಲ, ಎಲ್ಲ ಸೇರಿದರೆ ಸಾಕಷ್ಟು.

ಹಿಡಿತ ದುರ್ಬಲ ಆಗಿರುವುದೇ ಅನುಕೂಲ. ನೀರಿನಲ್ಲಿ ತೇಲುತ್ತಿರುವ ಒಂಟಿ ಬಾಲ ಮೀಡಿಯೇಟರನ್ನು ಹೆಚ್ಚು ಹೊತ್ತು ಹಿಡಿದಿಡಲಾರದು. ಆದರೆ ಒಂದು ಪ್ರೊಮೋಟರ್ ಮುಂದೆ ನಾಲ್ಕು ಜೋಡಿ ಗ್ಯಾಲ್4 ಒತ್ತೊತ್ತಾಗಿ ಕೂತರೆ ಅಲ್ಲಿ ಎಂಟು ಬಾಲಗಳಾಯಿತು. ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಆ ಜಾಗದಲ್ಲಿ ಮಾತ್ರ ಕೋಆಕ್ಟಿವೇಟರ್ ನಿಲ್ಲುತ್ತದೆ. ಅಂದರೆ ಯಾವ ಜೀನ್ ಅನ್ನುವುದನ್ನು ತೀರ್ಮಾನಿಸುವುದು ತಲೆ, ಬಾಲ ಅಲ್ಲ. ಯಾವಾಗ ಅನ್ನುವುದನ್ನು ಗ್ಯಾಲ್80ಯಂಥ ಮುಚ್ಚುವ ಪ್ರೋಟೀನುಗಳು ನೋಡಿಕೊಳ್ಳುತ್ತವೆ.

ನಿಮ್ಮ ಡಿಗ್ರಿ ಪುಸ್ತಕ ಹಳೆಯದಾಗಿದ್ದರೆ ಒಂದು ಎಚ್ಚರಿಕೆ. ಯೀಸ್ಟ್‌ನ ಸುಮಾರು 10 ಶೇಕಡ ಜೀನ್‌ಗಳು ಸಾಗಾದಿಂದ, ಉಳಿದವು ಟಿಎಫ್ ಟೂ ಡಿ ಎಂಬ ಬೇರೆ ಗುಂಪಿನಿಂದ ನಡೆಯುತ್ತವೆ ಎಂದು ಅದರಲ್ಲಿ ಇರಬಹುದು. 2017ರಲ್ಲಿ ಬಂದ ಅಧ್ಯಯನಗಳ ಪ್ರಕಾರ ಹೆಚ್ಚುಕಡಿಮೆ ಎಲ್ಲ ಜೀನ್‌ಗಳಿಗೂ ಎರಡೂ ಬೇಕು. ಆ ಹಂಚಿಕೆಯನ್ನು ಮಕ್ಕಳಿಗೆ ಬರೆಸಬೇಡಿ.

ಇದೆಲ್ಲ ಓದಿ ಏನು ಪ್ರಯೋಜನ ಎನ್ನುವವರಿಗೂ ಉತ್ತರ ಇದೆ. ತಲೆ ಬೇರೆ, ಬಾಲ ಬೇರೆ ಎಂಬ ಒಂದೇ ಸಂಗತಿಯಿಂದ 1989ರಲ್ಲಿ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯು ಸಾಂಗ್ ಎರಡು ಪ್ರೋಟೀನುಗಳು ಪರಸ್ಪರ ಅಂಟುತ್ತವೆಯೇ ಎಂದು ಪತ್ತೆಮಾಡುವ ವಿಧಾನ ಮಾಡಿದರು. ಒಂದಕ್ಕೆ ಗ್ಯಾಲ್4ರ ತಲೆ, ಇನ್ನೊಂದಕ್ಕೆ ಬಾಲ ಜೋಡಿಸಿ. ಎರಡೂ ಅಂಟಿದರೆ ಜೀನ್ ಆನ್. ಪ್ರಪಂಚದ ಎಲ್ಲ ಕಡೆ ಇದನ್ನು ಬಳಸುತ್ತಾರೆ. ಗ್ಯಾಲ್4 ಹಣ್ಣುನೊಣದಲ್ಲೂ ಕೆಲಸ ಮಾಡುತ್ತದೆ, ಮನುಷ್ಯನ ಜೀವಕೋಶದಲ್ಲೂ ಮಾಡುತ್ತದೆ. ಯೀಸ್ಟ್‌ನ ಮೀಡಿಯೇಟರ್‌ಗೂ ನಮ್ಮದಕ್ಕೂ ಅಷ್ಟು ಹತ್ತಿರದ ನಂಟು.

ಕೊನೆಗೆ, ಪಾಠಕ್ಕೆ ಒಂದು ಪ್ರಯೋಗ. ಕೋಆಕ್ಟಿವೇಟರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಜೀನ್ ಆನ್ ಆಗಲು ಸಮಯ ಹಿಡಿಯುವುದು ಕಾಣುತ್ತದೆ. ಕಿರಾಣಿ ಅಂಗಡಿಯ ಒಣ ಯೀಸ್ಟ್ ತನ್ನಿ. ಗ್ಲೂಕೋಸ್, ಗ್ಯಾಲಕ್ಟೋಸ್, ಲ್ಯಾಕ್ಟೋಸ್ ಕಾಲೇಜಿಗೆ ಕೆಮಿಕಲ್ ಕೊಡುವ ಅಂಗಡಿಯಲ್ಲಿ ತರಿಸಬಹುದು. ನಾಲ್ಕು ದೊಡ್ಡ ಬಾಟಲಿಗಳಲ್ಲಿ ಕಾಲುಭಾಗ ಮಾತ್ರ ನೀರು, ಸಮ ಅಳತೆಯ ಯೀಸ್ಟ್. ಮೂರಕ್ಕೆ ಒಂದೊಂದು ಸಕ್ಕರೆ, ನಾಲ್ಕನೆಯದಕ್ಕೆ ಏನೂ ಬೇಡ. ಬಾಯಿಗೆ ಬಲೂನು ಕಟ್ಟಿ. ಗ್ಯಾಲಕ್ಟೋಸ್ ಬಾಟಲಿಯನ್ನು ಮೊದಮೊದಲು ಆಗಾಗ ಅಲುಗಾಡಿಸಿ. ಹೊಸ ಪ್ರೋಟೀನ್ ಕಟ್ಟಲು ಯೀಸ್ಟ್‌ಗೆ ಶಕ್ತಿ ಬೇಕು, ಗಾಳಿ ಸಿಕ್ಕರೆ ಅದು ಸುಲಭ. ಯೀಸ್ಟ್‌ಗೆ 30 ಡಿಗ್ರಿ ಆಸುಪಾಸು ಹಿತ. ಏಪ್ರಿಲ್‌ನಲ್ಲಿ ನಿಮ್ಮ ಕುಷ್ಟಗಿಯಲ್ಲಿ ಬೆಚ್ಚಗಿಡುವ ಚಿಂತೆ ಇಲ್ಲ, ತಂಪಾದ ಮೂಲೆ ಹುಡುಕುವುದೇ ಕಷ್ಟ. ಮಳೆಗಾಲ ಮುಗಿದ ಮೇಲೆ ಮಾಡಿದರೆ ಒಳ್ಳೆಯದು.

ಗ್ಲೂಕೋಸ್ ಬಲೂನು ಬೇಗ ಉಬ್ಬುತ್ತದೆ. ಲ್ಯಾಕ್ಟೋಸ್ ಬಲೂನು ಉಬ್ಬುವುದೇ ಇಲ್ಲ, ಬೇಕರಿ ಯೀಸ್ಟ್‌ಗೆ ಅದನ್ನು ಒಡೆಯುವ ಜೀನೇ ಇಲ್ಲ. ಗ್ಯಾಲಕ್ಟೋಸ್ ಬಾಟಲಿ ಒಂದು ಪೀರಿಯಡ್‌ನಲ್ಲಿ ಸುಮ್ಮನಿರುತ್ತದೆ, ಕೆಲವು ಗಂಟೆಗಳ ಮೇಲೆ ಶುರುವಾಗುತ್ತದೆ. ಒಂದು ಕಂಪನಿಯ ಯೀಸ್ಟ್ ಶುರುವಾಗದಿದ್ದರೆ ಇನ್ನೊಂದು ಕಂಪನಿಯದನ್ನು ತನ್ನಿ, ಎಲ್ಲ ತಳಿಗಳೂ ಗ್ಯಾಲಕ್ಟೋಸ್‌ಗೆ ಒಂದೇ ಥರ ಇರುವುದಿಲ್ಲ. ಶುರುವಾದ ಬಾಟಲಿಯ ತಳದ ಯೀಸ್ಟ್ ತೆಗೆದು ಹೊಸ ಗ್ಯಾಲಕ್ಟೋಸ್ ನೀರಿಗೆ ಹಾಕಿ. ಈ ಸಲ ಕಾಯುವುದು ಬೇಕಾಗುವುದಿಲ್ಲ, ಬೇಕಾದ ಪ್ರೋಟೀನುಗಳು ಆಗಲೇ ಒಳಗಿವೆ. ಯಾಕೆ ಅಂತ ನೀವು ಹೇಳಬೇಡಿ, ಆ ಹುಡುಗಿಯನ್ನೇ ಕೇಳಿ.